ಶನಿವಾರದ ಲಾರಿ: ಸಂಬಳಕ್ಕೆ ಮೊದಲು ವಿಶ್ರಾಂತಿಯ ಲೆಕ್ಕ

ಮಾನ್ಯ ಸಂಪಾದಕರೇ,

ಬ್ರಿಟನ್ನಿನಲ್ಲಿ ನೆಲೆಸಿರುವ ಕನ್ನಡಿಗರು ನಾಲ್ಕು ಜನ ಸೇರಿದ ಕಡೆ ಒಂದು ಮಾತು ಬಂದೇ ಬರುತ್ತದೆ: ಇರುವ ಕೆಲಸ ಇರಲಿ, ಶನಿವಾರ ಏಜೆನ್ಸಿ ಮೂಲಕ ಲಾರಿ ಓಡಿಸಿದರೆ ಮೇಲೆ ನಾಲ್ಕು ಕಾಸು ಬರುತ್ತದಲ್ಲ? ಬರುತ್ತದೆ. ಇಲ್ಲಿನ ಸಾಗಣೆ ಕಂಪನಿಗಳು ವಾರಾಂತ್ಯಕ್ಕೂ ಕ್ರಿಸ್‌ಮಸ್ ಮುಂಚಿನ ವಾರಗಳಿಗೂ ಏಜೆನ್ಸಿ ಚಾಲಕರನ್ನು ನೆಚ್ಚಿಕೊಂಡಿರುತ್ತವೆ. ಆದರೆ ಊರಿನಲ್ಲಿ ಆಕ್ಟಿಂಗ್ ಡ್ರೈವರ್ ಆಗಿ ಒಂದು ಟ್ರಿಪ್ ಹೊಡೆದು ಬಂದಂತಲ್ಲ ಇದು. ನಿಮ್ಮ ಮೊದಲ ಕೆಲಸದ ಒಂದೊಂದು ಗಂಟೆಯೂ ಇಲ್ಲಿ ಲಾರಿಯ ಲೆಕ್ಕಕ್ಕೆ ಸೇರುತ್ತದೆ. ಲೈಸೆನ್ಸ್, ಪರೀಕ್ಷೆ, ಸಂಬಳ ಎಲ್ಲವನ್ನೂ ವಿಚಾರಿಸಿಕೊಂಡು ಇಳಿಯುವವರು ಇದೊಂದನ್ನು ಮಾತ್ರ ವಿಚಾರಿಸುವುದಿಲ್ಲ. ಅದನ್ನು ಬಿಡಿಸಿ ಹೇಳುವುದಕ್ಕೇ ಈ ಪತ್ರ ಉದ್ದವಾಗಿದೆ. ದಯವಿಟ್ಟು ಜಾಗ ಕೊಡಿ.

ಮೊದಲು, ಕರ್ನಾಟಕದಲ್ಲೇ ಇದ್ದು ಇದನ್ನು ಓದುವವರಿಗೆ. ಲಾರಿ ಚಾಲನೆ ಬ್ರಿಟನ್ನಿನ ಸ್ಕಿಲ್ಡ್ ವರ್ಕರ್ ವೀಸಾ ಕೊಡುವ ಉದ್ಯೋಗಗಳ ಪಟ್ಟಿಯಲ್ಲಿಲ್ಲ. 2021ರಲ್ಲಿ ಚಾಲಕರ ಕೊರತೆಯಾದಾಗ ಆಹಾರ ಸಾಗಣೆಗೆ 4,700, ಇಂಧನ ಟ್ಯಾಂಕರಿಗೆ 300 ತಾತ್ಕಾಲಿಕ ವೀಸಾಗಳನ್ನು ಘೋಷಿಸಿದ್ದರು. ಅವು 2022ರ ಆರಂಭದ ತಿಂಗಳುಗಳಲ್ಲೇ ಮುಗಿದುಹೋದವು. 'ಯುಕೆ ಲಾರಿ ಡ್ರೈವರ್ ವೀಸಾ ಕೊಡಿಸುತ್ತೇವೆ' ಎಂದು ಯಾರಾದರೂ ಮುಂಗಡ ಕೇಳಿದರೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಇಲ್ಲಿಗೆ ಬಂದಾಗಿರುವವರಲ್ಲೂ ಎಲ್ಲರಿಗೂ ಇದು ಸಲ್ಲುವುದಿಲ್ಲ. ಸ್ಕಿಲ್ಡ್ ವರ್ಕರ್ ವೀಸಾದ ಮೇಲಿರುವ ಸಾಫ್ಟ್‌ವೇರ್ ಎಂಜಿನಿಯರ್‌ಗೆ, ಹೆಲ್ತ್ ಆ್ಯಂಡ್ ಕೇರ್ ವೀಸಾದ ಮೇಲಿರುವ ನರ್ಸ್‌ಗೆ ವಾರಕ್ಕೆ 20 ಗಂಟೆ ಬೇರೆ ಕೆಲಸ ಮಾಡಲು ಅವಕಾಶವಿದೆ, ನಿಜ. ಆದರೆ ಆ ಕೆಲಸವೂ ಅರ್ಹ ಉದ್ಯೋಗಗಳ ಪೈಕಿ ಇರಬೇಕು, ಲಾರಿ ಅಲ್ಲಿಲ್ಲ. ಅವರು ಒಂದೇ ಒಂದು ಶನಿವಾರ ಓಡಿಸಿದರೂ ವೀಸಾ ಷರತ್ತು ಮುರಿದಂತೆ. ಅದೇ ಮನೆಯಲ್ಲಿ ಡಿಪೆಂಡೆಂಟ್ ವೀಸಾದ ಮೇಲಿರುವ ಗಂಡ ಅಥವಾ ಹೆಂಡತಿ ಓಡಿಸಬಹುದು. ಗ್ರ್ಯಾಜುಯೇಟ್ ವೀಸಾದವರು, ಕಾಯಂ ವಾಸದ ಹಕ್ಕು ಪಡೆದವರು, ಇಲ್ಲಿನ ಪೌರರು ಓಡಿಸಬಹುದು. ಮುಂದಿನ ಮಾತೆಲ್ಲ ಇವರಿಗೆ.

ಲೈಸೆನ್ಸಿನ ವಿಷಯ ಚುಟುಕಾಗಿ. ಆರ್‌ಟಿಒದಲ್ಲಿ ಪಡೆದ ಹೆವಿ ಲೈಸೆನ್ಸ್ ಇಲ್ಲಿ ನೆಲೆಸಿದವರಿಗೆ ಲಾರಿಯ ಮಟ್ಟಿಗೆ ಉಪಯೋಗಕ್ಕೆ ಬರುವುದಿಲ್ಲ, ಬದಲಾಯಿಸಿಕೊಡುವ ದೇಶಗಳ ಪಟ್ಟಿಯಲ್ಲಿ ಭಾರತ ಇಲ್ಲ. ಎರಡೂ ಕಡೆ ಎಡಗಡೆ ಓಡಾಟ ಎನ್ನುವುದೊಂದೇ ಅನುಕೂಲ. ಮೊದಲು ಇಲ್ಲಿನ ಕಾರ್ ಲೈಸೆನ್ಸ್ ಪೂರ್ತಿಯಾಗಿ ಕೈಯಲ್ಲಿರಬೇಕು. ಆಮೇಲೆ ವೈದ್ಯರಿಂದ ಡಿ4 ಫಾರ್ಮ್ ತುಂಬಿಸಿ, ಡಿ2 ಅರ್ಜಿಯ ಜೊತೆ ಸ್ವಾನ್ಸೀಯಲ್ಲಿರುವ ಲೈಸೆನ್ಸ್ ಇಲಾಖೆ ಡಿವಿಎಲ್‌ಎಗೆ ಕಳುಹಿಸಬೇಕು. ಕನ್ನಡಕ ಹಾಕಿಯಾದರೂ ಸರಿ, ಚೆನ್ನಾಗಿ ಕಾಣುವ ಕಣ್ಣಿನಲ್ಲಿ 6/7.5, ಇನ್ನೊಂದರಲ್ಲಿ ಕನಿಷ್ಠ 6/60 ದೃಷ್ಟಿ ಬೇಕು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುವವರೂ, ನಿದ್ರೆಯಲ್ಲಿ ಉಸಿರುಕಟ್ಟುವ ತೊಂದರೆ ಇರುವವರೂ ಮುಚ್ಚಿಡಬಾರದು. ಹೇಳಿದರೆ ಪರಿಶೀಲಿಸಿ ಕೊಡುವ ದಾರಿ ಇದೆ, ಮುಚ್ಚಿಟ್ಟು ಸಿಕ್ಕಿಬಿದ್ದರೆ ಇಲ್ಲ.

ಪರೀಕ್ಷೆ ನಾಲ್ಕು ಭಾಗ. ಮೊದಲ ಭಾಗದ ಥಿಯರಿಯಲ್ಲಿ 100 ಪ್ರಶ್ನೆಗೆ 85 ಸರಿ ಇರಬೇಕು, ಅಪಾಯ ಗುರುತಿಸುವ ವಿಡಿಯೊಗಳಲ್ಲಿ 100ಕ್ಕೆ 67. ಎರಡನೆಯದು ಕೇಸ್ ಸ್ಟಡಿ, 50ಕ್ಕೆ 40. ಮೂರನೆಯದು ಹಿಮ್ಮುಖ ಚಾಲನೆ ಮತ್ತು ರಸ್ತೆ ಪರೀಕ್ಷೆ. ನಾಲ್ಕನೆಯದು ಲಾರಿಯ ಪಕ್ಕ ನಿಂತು ಸರಕು ಕಟ್ಟುವುದು, ತಪಾಸಣೆ ಮಾಡುವುದನ್ನು ಮಾಡಿ ತೋರಿಸುವುದು. 2021ರ ನವೆಂಬರಿನಿಂದ ಕ್ಲಾಸ್ ಟೂ, ಅಂದರೆ ಬಿಡಿ ಲಾರಿ, ದಾಟಿಕೊಳ್ಳದೆ ನೇರವಾಗಿ ಕ್ಲಾಸ್ ಒನ್, ಅಂದರೆ ಟ್ರೇಲರ್ ಎಳೆಯುವ ಆರ್ಟಿಕ್, ಪರೀಕ್ಷೆಗೆ ಹೋಗಬಹುದು. ತರಬೇತಿಗೆ ಕೆಲವು ಸಾವಿರ ಪೌಂಡ್ ಹೋಗುತ್ತದೆ. ಪಾಸಾದ ಮೇಲೆ ಡ್ರೈವರ್ ಸಿಪಿಸಿ ಕಾರ್ಡ್, ಅಂದರೆ ವೃತ್ತಿಪರ ಚಾಲಕನ ಅರ್ಹತಾ ಪತ್ರ, ಬರುತ್ತದೆ. ಅದನ್ನು ಉಳಿಸಿಕೊಳ್ಳಲು ಐದು ವರ್ಷಕ್ಕೊಮ್ಮೆ 35 ಗಂಟೆ ತರಗತಿಯಲ್ಲಿ ಕೂರಬೇಕು. ವಾರಕ್ಕೆ ಐದು ದಿನ ಓಡಿಸುವವನಿಗೂ, ವರ್ಷಕ್ಕೆ ಹತ್ತು ದಿನ ಓಡಿಸುವವನಿಗೂ ಅದೇ 35 ಗಂಟೆ. ಇನ್ನು ಡಿಜಿಟಲ್ ಟ್ಯಾಕೊ ಕಾರ್ಡ್, 32 ಪೌಂಡ್. ಈ ಕಾರ್ಡಿನ ಸುತ್ತಲೇ ಉಳಿದ ಕಥೆಯೆಲ್ಲ ಇರುವುದು.

ಟ್ಯಾಕೋಗ್ರಾಫ್ ಎಂದರೆ ಲಾರಿಯೊಳಗೆ ಕುಳಿತು, ಚಾಲಕ ತೂರಿಸಿದ ಆ ಕಾರ್ಡಿನಲ್ಲಿ ಅವನ ಒಂದೊಂದು ನಿಮಿಷವನ್ನೂ ಬರೆದುಕೊಳ್ಳುವ ಯಂತ್ರ. ನಮ್ಮಲ್ಲಿ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯೇ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಎಂದು ಮಿತಿ ಹಾಕಿದ್ದರೂ, ಆ ಗಂಟೆಗಳನ್ನು ಎಣಿಸುವ ಇಂಥ ಯಂತ್ರ ಲಾರಿಯಲ್ಲಿಲ್ಲ. ಇಲ್ಲಿ ಇದೆ. ಚಾಲನೆಯ ನಿಯಮ ಎಲ್ಲರಿಗೂ ಬೇಗ ಬಾಯಿಗೆ ಬರುತ್ತದೆ: ನಾಲ್ಕೂವರೆ ಗಂಟೆ ಓಡಿಸಿದರೆ 45 ನಿಮಿಷ ನಿಲ್ಲಬೇಕು, ದಿನಕ್ಕೆ 9 ಗಂಟೆ ಚಾಲನೆ, ವಾರದಲ್ಲಿ ಎರಡು ದಿನ 10 ಗಂಟೆಯವರೆಗೆ ಹೋಗಬಹುದು. 45 ನಿಮಿಷವನ್ನು ಒಡೆಯುವುದಾದರೆ ಮೊದಲು 15, ಆಮೇಲೆ 30. ಮೊದಲು 30 ತೆಗೆದುಕೊಂಡು ಆಮೇಲೆ 15 ಎಂದರೆ ನಡೆಯುವುದಿಲ್ಲ. 44 ನಿಮಿಷವೂ ನಡೆಯುವುದಿಲ್ಲ. ವಾರದಲ್ಲಿ ಒಂದು ದಿನ ಬರುವವರನ್ನು ಹಿಡಿಯುವುದು ಈ ನಿಯಮಗಳಲ್ಲ, ವಿಶ್ರಾಂತಿಯ ನಿಯಮಗಳು.

ಯಾವ ಮಾಲೀಕನಿಗಾಗಲಿ, ಯಾವುದೇ ಸಂಬಳದ ಕೆಲಸ ಮಾಡಿದ ಸಮಯ ವಿಶ್ರಾಂತಿ ಅಲ್ಲ. ಕಂಪ್ಯೂಟರ್ ಮುಂದೆ ಕುಳಿತದ್ದಾಗಲಿ, ಅಂಗಡಿಯ ಕೌಂಟರಿನಲ್ಲಿ ನಿಂತದ್ದಾಗಲಿ, ವಾರ್ಡಿನಲ್ಲಿ ಓಡಾಡಿದ್ದಾಗಲಿ ಯಂತ್ರದ ಭಾಷೆಯಲ್ಲಿ 'ಇತರ ಕೆಲಸ', ಅಡ್ಡಡ್ಡ ಇಟ್ಟ ಎರಡು ಸುತ್ತಿಗೆಯ ಚಿಹ್ನೆ. ಸಂಬಳದ ರಜೆ ಹಾಕಿ ಮನೆಯಲ್ಲಿದ್ದರೆ ಮಾತ್ರ ಅದು ವಿಶ್ರಾಂತಿ.

ಒಂದು ಸಾಮಾನ್ಯ ಉದಾಹರಣೆಯನ್ನು ಗಡಿಯಾರ ಹಿಡಿದು ನೋಡೋಣ. ಸೋಮವಾರದಿಂದ ಶುಕ್ರವಾರದವರೆಗೆ ಬೆಳಿಗ್ಗೆ 9ರಿಂದ ಸಂಜೆ 5.30ರ ಆಫೀಸು. ಶನಿವಾರ ಬೆಳಿಗ್ಗೆ 5ರಿಂದ ಸಂಜೆ 5ರವರೆಗೆ ಲಾರಿ. ಶುಕ್ರವಾರ ಸಂಜೆ 5.30ರಿಂದ ಶನಿವಾರ 5ಕ್ಕೆ ಹನ್ನೊಂದೂವರೆ ಗಂಟೆ; ದಿನದ ವಿಶ್ರಾಂತಿ 11 ಗಂಟೆ ಬೇಕು, ಸರಿಹೋಯಿತು. ಶುಕ್ರವಾರ ಯಾವುದೋ ತುರ್ತಿಗೆ ರಾತ್ರಿ 8ರವರೆಗೆ ಆಫೀಸಿನಲ್ಲಿ ಉಳಿದಿರಿ ಎನ್ನಿ: 9 ಗಂಟೆ ಉಳಿಯಿತು. ವಾರಕ್ಕೊಮ್ಮೆ ತೆಗೆದುಕೊಳ್ಳುವ ಎರಡು ದೀರ್ಘ ವಿಶ್ರಾಂತಿಗಳ ನಡುವೆ ಮೂರು ಸಲ 9ಕ್ಕೆ ಇಳಿಸಬಹುದು, ಹಾಗಾಗಿ ಅದೂ ನಡೆಯುತ್ತದೆ. ಆಫೀಸಿನಲ್ಲೇ ರಾತ್ರಿ ಒಂಬತ್ತರವರೆಗೆ ಉಳಿದಿರೋ, ಆ ಶನಿವಾರ 5ಕ್ಕೆ ಲಾರಿ ಏರುವಂತಿಲ್ಲ.

ಈಗ ಲಾರಿ ಇಳಿದ ಮೇಲಿನ ಲೆಕ್ಕ. ಶನಿವಾರ ಸಂಜೆ 5ರಿಂದ ಸೋಮವಾರ ಬೆಳಿಗ್ಗೆ 9ಕ್ಕೆ 40 ಗಂಟೆ. ವಾರದ ಪೂರ್ಣ ವಿಶ್ರಾಂತಿ 45 ಗಂಟೆ, ಇಳಿಸಿದ ವಿಶ್ರಾಂತಿ ಕನಿಷ್ಠ 24. ಅಂದರೆ ನಿಮಗೆ ಸಿಕ್ಕಿದ್ದು ಇಳಿಸಿದ ವಿಶ್ರಾಂತಿ, 5 ಗಂಟೆ ಸಾಲ ಉಳಿಯಿತು. ಆ 5 ಗಂಟೆಯನ್ನು ಒಡೆಯದೆ, ಕನಿಷ್ಠ 9 ಗಂಟೆಯ ಇನ್ನೊಂದು ವಿಶ್ರಾಂತಿಗೆ ಸೇರಿಸಿ, ಮುಂದಿನ ಮೂರನೇ ವಾರ ಮುಗಿಯುವುದರೊಳಗೆ ತೀರಿಸಬೇಕು. ಜೊತೆಗೆ ಒಂದರ ಹಿಂದೊಂದು ಬರುವ ಯಾವ ಎರಡು ವಾರಗಳನ್ನು ತೆಗೆದುಕೊಂಡರೂ ಅವುಗಳಲ್ಲಿ ಒಂದಾದರೂ ಪೂರ್ಣ 45 ಗಂಟೆಯ ವಿಶ್ರಾಂತಿ ಇರಬೇಕು. ಹಾಗಾಗಿ ಮುಂದಿನ ಶನಿವಾರ ಮತ್ತೆ ಹೋಗುವಂತಿಲ್ಲ. ಆ ವಾರ ಶುಕ್ರವಾರ 5.30ರಿಂದ ಸೋಮವಾರ 9ರವರೆಗೆ 63 ಗಂಟೆ 30 ನಿಮಿಷ ಸಿಗುತ್ತದೆ. 45 ಕಳೆದು ಹದಿನೆಂಟೂವರೆ ಗಂಟೆ ಮಿಕ್ಕಿತು, ಸಾಲದ 5 ಗಂಟೆ ಅದರಲ್ಲೇ ತೀರುತ್ತದೆ. ಒಂದು ಶನಿವಾರ ಬಿಟ್ಟು ಒಂದು ಶನಿವಾರ ಎಂಬ ಲಯ ಹುಟ್ಟುವುದು ಇಲ್ಲಿಂದ. ಯಾರ ಇಷ್ಟಾನಿಷ್ಟವೂ ಅಲ್ಲ, ಕೂಡಿ ಕಳೆದ ಲೆಕ್ಕ.

ಪ್ರತಿ ಶನಿವಾರ ಹೋಗಲೇಬೇಕು ಎನ್ನುವವರಿಗೆ ಒಂದು ಕಿರಿದಾದ ದಾರಿ ಇದೆ: ಶನಿವಾರ ಮಧ್ಯಾಹ್ನ 12ರೊಳಗೆ ಕೆಲಸ ಮುಗಿಸಿ ಕಾರ್ಡ್ ತೆಗೆದರೆ ಸೋಮವಾರ 9ಕ್ಕೆ ಸರಿಯಾಗಿ 45 ಗಂಟೆ. ಶುಕ್ರವಾರದ 11 ಗಂಟೆ ಉಳಿಸಿಕೊಂಡು 4.30ಕ್ಕೆ ಶುರು ಮಾಡಿದರೂ ಕೈಗೆ ಸಿಗುವುದು ಏಳೂವರೆ ಗಂಟೆ. ಅಷ್ಟು ಚಿಕ್ಕ ಪಾಳಿಯನ್ನು ಏಜೆನ್ಸಿಗಳು ಕೊಡುವುದು ಕಡಿಮೆ. ಕೊಟ್ಟರೂ ಎಂ6 ಹೆದ್ದಾರಿಯಲ್ಲಿ ಒಂದು ಅಪಘಾತ, ಇಳಿಸುವ ಕಡೆ ಒಂದು ಗಂಟೆ ಕಾಯುವುದು, ಇಷ್ಟರಲ್ಲೇ 12 ದಾಟಿಹೋಗುತ್ತದೆ.

ಭಾನುವಾರ ಮಾತ್ರ ಓಡಿಸುವುದಾದರೆ ಲೆಕ್ಕ ಬೇರೆ. ಶುಕ್ರವಾರ 5.30ರಿಂದ ಭಾನುವಾರ ಬೆಳಿಗ್ಗೆ 6ಕ್ಕೆ ಮೂವತ್ತಾರೂವರೆ ಗಂಟೆ. ಇಳಿಸಿದ ವಿಶ್ರಾಂತಿ ಆಯಿತು, ಸಾಲ ಎಂಟೂವರೆ ಗಂಟೆ. ಭಾನುವಾರ 6ರಿಂದ ಹೊಸ ಆರು ದಿನ ಶುರು. ಒಂದು ವಾರದ ವಿಶ್ರಾಂತಿ ಮುಗಿದ ಗಳಿಗೆಯಿಂದ 24 ಗಂಟೆಯ ಆರು ಅವಧಿ, ಅಂದರೆ 144 ಗಂಟೆ ತುಂಬುವುದರೊಳಗೆ ಮುಂದಿನ ವಾರದ ವಿಶ್ರಾಂತಿ ಶುರುವಾಗಬೇಕು. ಇಲ್ಲಿ ಶನಿವಾರ 6ಕ್ಕೆ ಅವು ತುಂಬುತ್ತವೆ, ನೀವು ಶುಕ್ರವಾರ ಸಂಜೆಯೇ ಮನೆಗೆ ಹೋಗಿರುತ್ತೀರಿ. ಸರಿಹೋಗುತ್ತದೆ, ಆದರೆ ಇದೂ ವಾರ ಬಿಟ್ಟು ವಾರ. ಶನಿವಾರ, ಭಾನುವಾರ ಎರಡೂ ದಿನ ಎಂದರೆ ಸಾಧ್ಯವೇ ಇಲ್ಲ: ಸೋಮವಾರ 9ಕ್ಕೆ ಶುರುವಾದ ಆರು ದಿನ ಭಾನುವಾರ 9ಕ್ಕೆ ಮುಗಿಯುತ್ತದೆ, ಅಷ್ಟರೊಳಗೆ ವಿಶ್ರಾಂತಿ ಹಿಡಿಯಬೇಕು.

ಇದನ್ನು ದಾಟಲು ಶುಕ್ರವಾರ ರಜೆ ಹಾಕುವ ಉಪಾಯ ಬಹಳ ಜನಕ್ಕೆ ಹೊಳೆಯುತ್ತದೆ. ಗುರುವಾರ 5.30ರಿಂದ ಶನಿವಾರ 5ಕ್ಕೆ ಮೂವತ್ತೈದೂವರೆ ಗಂಟೆ, ಆಮೇಲೆ ಎರಡು ದಿನ ಲಾರಿ. ಕಾಗದದ ಮೇಲೆ ಚೆಂದ ಕಾಣುತ್ತದೆ. ಆದರೆ ಶನಿವಾರ 5ರಿಂದ ಎಣಿಸಿದ ಆರು ದಿನ ಮುಂದಿನ ಶುಕ್ರವಾರ ಬೆಳಿಗ್ಗೆ 5ಕ್ಕೆ ಮುಗಿಯುತ್ತದೆ. ಅಂದರೆ ಆ ಶುಕ್ರವಾರವೂ ಆಫೀಸಿಗೆ ಹೋಗುವಂತಿಲ್ಲ. ಒಂದು ರಜೆ ಎಂದುಕೊಂಡದ್ದು ಎರಡಾಯಿತು.

ರಾತ್ರಿ ಪಾಳಿಯವರಿಗೆ ಇದಕ್ಕಿಂತ ಬಿಗಿ. ಶುಕ್ರವಾರ ರಾತ್ರಿ ವಾರ್ಡಿನಲ್ಲಿದ್ದು ಶನಿವಾರ ಬೆಳಿಗ್ಗೆ 8ಕ್ಕೆ ಹೊರಬಂದವರು ಸಂಜೆ 7ರವರೆಗೆ ಮಲಗಿದರೆ ಮಾತ್ರ 11 ಗಂಟೆ. ಹಗಲು ನಿದ್ರೆ ಮಾಡಿ ರಾತ್ರಿ 44 ಟನ್ನಿನ ಗಾಡಿ ಹಿಡಿಯುವುದು ನಿಯಮಕ್ಕೆ ಕೂಡಿಬಂದರೂ ನಾವು ಬೇಡ ಎನ್ನುತ್ತೇವೆ. ಪಾಳಿ ಬದಲಾಗುವ ವಾರಗಳಲ್ಲಿ ಏಜೆನ್ಸಿಯ ಫೋನನ್ನೇ ಎತ್ತಬೇಡಿ.

ಲೆಕ್ಕ ಸರಿ ಇದ್ದರೆ ಸಾಲದು, ಬರೆದಿಡಬೇಕು. ಸೋಮವಾರದಿಂದ ಭಾನುವಾರದವರೆಗಿನ ವಾರದಲ್ಲಿ ಒಂದು ದಿನ ಲಾರಿ ಓಡಿಸಿದರೂ ಆ ವಾರದ ಉಳಿದ ಕೆಲಸವೂ ದಾಖಲೆಯಲ್ಲಿರಬೇಕು. ಕಾರ್ಡ್ ತೂರಿಸಿದಾಗ ಯಂತ್ರ, ಕೊನೆಯ ಸಲ ಕಾರ್ಡ್ ತೆಗೆದ ದಿನ, ಸಮಯ ತೋರಿಸಿ, ನಡುವೆ ಏನು ಮಾಡಿದಿರಿ ಎಂದು ಕೇಳುತ್ತದೆ. ಎರಡು ವಾರದ ಅಂತರವಿದ್ದಾಗ, ಬೆಳಗಿನ ಜಾವದ ಚಳಿಯಲ್ಲಿ, ಹಿಂದೆ ಮೂರು ಗಾಡಿಗಳು ಹೊರಡಲು ಕಾಯುತ್ತಿರುವಾಗ, ಇಡೀ ಅವಧಿಗೆ ವಿಶ್ರಾಂತಿಯ ಗುರುತಾದ ಮಂಚದ ಚಿಹ್ನೆ ಒತ್ತಿ ಮುಂದೆ ಹೋಗುವುದು ಬಹಳ ಸುಲಭ. ಅದು ಮರೆವು ಅಲ್ಲ, ಸುಳ್ಳು ದಾಖಲೆ. ಜೈಲು ಶಿಕ್ಷೆಯವರೆಗೆ ಹೋಗಬಲ್ಲ ಅಪರಾಧ. ಆಫೀಸಿನ ಗಂಟೆಗಳನ್ನು ಯಂತ್ರದಲ್ಲೇ ಸುತ್ತಿಗೆಯ ಚಿಹ್ನೆಯಡಿ ತುಂಬಬಹುದು. ಇಲ್ಲವೇ ಹೆಸರು, ತಾರೀಖು, ಶುರುವಾದ ಮತ್ತು ಮುಗಿದ ಸಮಯ ಬರೆದು ಸಹಿ ಮಾಡಿದ ಹಾಳೆಯನ್ನು ಜೊತೆಯಲ್ಲಿಟ್ಟುಕೊಳ್ಳಬಹುದು. ಹಾಳೆಯ ನಕಲು ಏಜೆನ್ಸಿಗೂ ಲಾರಿಯ ಕಂಪನಿಗೂ ಹೋಗಲಿ. ದೇಶದೊಳಗಿನ ಓಡಾಟಕ್ಕೆ ಅಂದಿನದೂ ಹಿಂದಿನ 28 ದಿನಗಳದೂ ದಾಖಲೆ ಕೈಯಲ್ಲಿರಬೇಕು.

ಯಂತ್ರದೊಳಗಿನ ಸಮಯ ಯುಟಿಸಿ, ಅಂದರೆ ಜಾಗತಿಕ ಪ್ರಮಾಣ ಸಮಯ. ಮಾರ್ಚ್ ಕೊನೆಯಿಂದ ಅಕ್ಟೋಬರ್ ಕೊನೆಯವರೆಗೆ ಇಲ್ಲಿನ ಗಡಿಯಾರ ಅದಕ್ಕಿಂತ ಒಂದು ಗಂಟೆ ಮುಂದಿರುತ್ತದೆ. ಬೇಸಿಗೆಯಲ್ಲಿ ಆಫೀಸಿನ 9ರಿಂದ 5.30 ಎಂದರೆ ಯಂತ್ರಕ್ಕೆ 8ರಿಂದ 4.30. ಕೆಲವು ಯಂತ್ರಗಳು ಸ್ಥಳೀಯ ಸಮಯವನ್ನೇ ಕೇಳಿ ತಾವೇ ತಿರುಗಿಸಿಕೊಳ್ಳುತ್ತವೆ, ಹಾಗಾಗಿ ಪರದೆಯಲ್ಲಿ ಯಾವುದು ಎಂದು ನೋಡದೆ ತುಂಬಬೇಡಿ. ಇನ್ನೊಂದು ತಪ್ಪು ಊಟದ ಹೊತ್ತಿನದು: ಗಾಡಿ ನಿಂತ ಕೂಡಲೇ ಯಂತ್ರ ತಾನಾಗಿ ಸುತ್ತಿಗೆಗೆ ಹೋಗುತ್ತದೆ. ಗುಂಡಿ ಒತ್ತಿ ಮಂಚಕ್ಕೆ ತರದಿದ್ದರೆ ನೀವು 45 ನಿಮಿಷ ಕಣ್ಣು ಮುಚ್ಚಿದ್ದರೂ ಅದು ಕೆಲಸವೆಂದೇ ದಾಖಲಾಗುತ್ತದೆ. ಎಂಜಿನ್ ಆರಿಸಿದರೆ ಮಂಚಕ್ಕೆ ಹೋಗುವಂತೆ ಹೊಂದಿಸಿದ ಗಾಡಿಗಳೂ ಇವೆ. ವಾರಕ್ಕೊಂದು ಹೊಸ ಗಾಡಿ ಸಿಗುವ ಏಜೆನ್ಸಿ ಚಾಲಕ ಇದನ್ನು ನಂಬಿ ಕೂರಬಾರದು.

ಕೆಲಸದ ಒಟ್ಟು ಗಂಟೆಗಳಿಗೂ ಒಂದು ನಿಯಮವಿದೆ. ನಾಲ್ಕು ತಿಂಗಳ ಲೆಕ್ಕದ ಅವಧಿಯಲ್ಲಿ 11ಕ್ಕಿಂತ ಕಡಿಮೆ ದಿನ ಓಡಿಸುವವರನ್ನು 'ಅಪರೂಪಕ್ಕೆ ಓಡಿಸುವವರು' ಎಂದು ಎಣಿಸುತ್ತಾರೆ. 26 ವಾರ ಅಥವಾ ಅದಕ್ಕೂ ಉದ್ದದ ಅವಧಿಯಾದರೆ ಮಿತಿ 16ಕ್ಕಿಂತ ಕಡಿಮೆ. ಅದನ್ನು ದಾಟಿದರೆ 2005ರ ರಸ್ತೆ ಸಾರಿಗೆ ನಿಯಮಗಳಡಿ ಬರುತ್ತೀರಿ: ವಾರಕ್ಕೆ ಸರಾಸರಿ 48 ಗಂಟೆ, ಯಾವ ಒಂದು ವಾರವೂ 60 ಮೀರುವಂತಿಲ್ಲ. ಸಾಮಾನ್ಯ ನೌಕರರು '48 ಗಂಟೆ ಮಿತಿ ನನಗೆ ಬೇಡ' ಎಂದು ಬರೆದುಕೊಡಬಹುದು, ಈ ನಿಯಮದಡಿ ಬಂದ ಚಾಲಕರು ಬರೆದುಕೊಡಲು ಬರುವುದಿಲ್ಲ. ಏಜೆನ್ಸಿಯ ಕಾಗದಗಳ ಕಟ್ಟಿನಲ್ಲಿ ಆ ಹಾಳೆ ಇದ್ದರೆ ಅದು ಯಾವ ಗುಂಪಿನವರಿಗೆ ಎಂದು ಕೇಳಿಯೇ ಸಹಿ ಹಾಕಿ.

ಹಣದ ಮಾತು. ಗಂಟೆಗೆ 16 ಪೌಂಡ್ ಎಂದು ಇಟ್ಟುಕೊಳ್ಳಿ, 12 ಗಂಟೆಯ ಪಾಳಿ. 45 ನಿಮಿಷದ ವಿರಾಮಕ್ಕೆ ಸಾಮಾನ್ಯವಾಗಿ ಸಂಬಳವಿಲ್ಲ. ಉಳಿದ ಹನ್ನೊಂದೂಕಾಲು ಗಂಟೆಗೆ 180 ಪೌಂಡ್. ವರ್ಷಕ್ಕೆ 12,570 ಪೌಂಡಿನ ತೆರಿಗೆ ವಿನಾಯಿತಿ ಮೊದಲ ಕೆಲಸದಲ್ಲೇ ಮುಗಿದಿರುತ್ತದೆ. ಆದ್ದರಿಂದ ಎರಡನೇ ಕೆಲಸಕ್ಕೆ ಬಿಆರ್ ಎಂಬ ಕೋಡ್, ಮೊದಲ ಪೌಂಡಿನಿಂದಲೇ ಶೇ 20 ತೆರಿಗೆ. ಒಟ್ಟು ಆದಾಯ 50,270 ದಾಟಿದವರಿಗೆ ಶೇ 40 (ಸ್ಕಾಟ್ಲೆಂಡಿನಲ್ಲಿ ದರಗಳು ಬೇರೆ). ನ್ಯಾಷನಲ್ ಇನ್ಶೂರೆನ್ಸ್ ಎಂಬ ಸಾಮಾಜಿಕ ಭದ್ರತೆಯ ವಂತಿಗೆಯನ್ನು ಒಂದೊಂದು ಕೆಲಸಕ್ಕೂ ಬೇರೆಬೇರೆಯಾಗಿ ಎಣಿಸುವುದರಿಂದ, ವಾರದ ಸಂಬಳ 242 ಪೌಂಡ್ ದಾಟದ ಒಂಟಿ ಶನಿವಾರಕ್ಕೆ ಅದು ಬೀಳುವುದಿಲ್ಲ. ಹಾಗಾಗಿ ಕೈಗೆ ಬರುವುದು ಕೆಳಗಿನ ದರದವರಿಗೆ 144, ಮೇಲಿನ ದರದವರಿಗೆ 108. ವರ್ಷಕ್ಕೆ 20 ಶನಿವಾರ ಎಂದರೆ 2,880 ಅಥವಾ 2,160. ಇದರಿಂದಲೇ ತರಬೇತಿ, ಪರೀಕ್ಷೆ, ವೈದ್ಯರ ಶುಲ್ಕ ಹುಟ್ಟಬೇಕು. ಒಳ್ಳೆಯ ಸಂಬಳದ ಕೆಲಸದಲ್ಲಿರುವವರು ಬರೀ ಹಣಕ್ಕಾಗಿ ಇದಕ್ಕೆ ಇಳಿಯುವುದು ನಮ್ಮ ಮಟ್ಟಿಗೆ ಲಾಭದ ಮಾತಲ್ಲ. ಮುಂದೆ ಪೂರ್ತಿ ಈ ವೃತ್ತಿಗೇ ಬರಬೇಕೆಂದಿರುವವರಿಗೆ, ಮೊದಲ ಕೆಲಸ ಅರೆಕಾಲಿಕವಾಗಿರುವವರಿಗೆ ಇದು ಕೈ ಹಿಡಿಯುತ್ತದೆ.

ಏಜೆನ್ಸಿ ಜಾಹೀರಾತಿನಲ್ಲಿ ಎರಡು ದರ ಕಂಡರೆ ಹೆಚ್ಚಿನದನ್ನು ನೋಡಿ ಮರುಳಾಗಬೇಡಿ. 'ಅಂಬ್ರೆಲಾ' ದರ ಎಂದರೆ ಮಧ್ಯೆ ಇನ್ನೊಂದು ಕಂಪನಿ ನಿಮ್ಮನ್ನು ನೌಕರನೆಂದು ತೋರಿಸುತ್ತದೆ. ಮಾಲೀಕ ಕಟ್ಟಬೇಕಾದ ಶೇ 15ರ ಇನ್ಶೂರೆನ್ಸ್ ಪಾಲು, ಅವರ ವಾರದ ಶುಲ್ಕ ಎಲ್ಲವೂ ಆ ದೊಡ್ಡ ದರದೊಳಗಿಂದಲೇ ಹೋಗುತ್ತದೆ. ರಜೆ ಸಂಬಳವೂ, ಶೇ 12.07, ಬೇರೆ ಬರದೆ ಅದರಲ್ಲೇ ಅಡಗಿರುತ್ತದೆ. ಏಜೆನ್ಸಿಯೇ ತೆರಿಗೆ ಹಿಡಿದು ಸಂಬಳ ಕೊಡುವ ನೇರ ಪೇಯಿ (PAYE) ದರ ಕಡಿಮೆ ಕಂಡರೂ ಹಲವು ಸಲ ಅದೇ ಮೇಲು. ಸೇರುವ ಮೊದಲೇ ಕಡಿತಗಳನ್ನೆಲ್ಲ ತೋರಿಸುವ ಮುಖ್ಯ ಮಾಹಿತಿ ಪತ್ರ ಕೊಡುವುದು 2020ರ ಏಪ್ರಿಲ್‌ನಿಂದ ಕಡ್ಡಾಯ, ಕೇಳಿ ಪಡೆಯಿರಿ. ಸ್ವಂತ ಲಿಮಿಟೆಡ್ ಕಂಪನಿ ಮಾಡಿಕೊಂಡು ಬನ್ನಿ ಎನ್ನುವವರಿಂದ ದೂರವಿರಿ: ಲಾರಿ ಅವರದು, ಡೀಸೆಲ್ ಅವರದು, ಹೋಗಬೇಕಾದ ಊರು ಹೇಳುವವರು ಅವರು, ಅಂಥವನನ್ನು ಸ್ವತಂತ್ರ ವ್ಯಾಪಾರಿ ಎಂದು ತೆರಿಗೆ ಇಲಾಖೆ ಒಪ್ಪುವುದು ಕಷ್ಟ. ಗಾಡಿಗೆ ಪೆಟ್ಟಾದರೆ ನಿಮ್ಮ ಸಂಬಳದಿಂದ ಎಷ್ಟು ಮುರಿದುಕೊಳ್ಳಬಹುದು ಎಂಬ ಸಾಲನ್ನು ಕರಾರಿನಲ್ಲಿ ಹುಡುಕಿ ಓದಿ. ಕೆಲಸ ಹುಡುಕಿಕೊಡುವುದಕ್ಕೆ ಏಜೆನ್ಸಿ ನಿಮ್ಮಿಂದ ಹಣ ಕೇಳುವಂತಿಲ್ಲ. ಟೈಮ್‌ಶೀಟಿಗೆ ಸಹಿ ಸಿಗಲಿಲ್ಲ ಎಂಬ ಒಂದೇ ಕಾರಣಕ್ಕೆ ಮಾಡಿದ ಕೆಲಸದ ಸಂಬಳ ತಡೆಯುವಂತೆಯೂ ಇಲ್ಲ.

ಹೊಸದಾಗಿ ಪಾಸಾದವರಿಗೆ ವಿಮೆಯ ಕಾರಣದಿಂದ ಹಲವು ಕಂಪನಿಗಳು ಬಾಗಿಲು ತೆರೆಯುವುದಿಲ್ಲ. ಆರು ತಿಂಗಳು, ಕೆಲವೆಡೆ ಎರಡು ವರ್ಷ ಅನುಭವ ಕೇಳುತ್ತಾರೆ. ಮೊದಲು ಸಿಗುವುದು ಹತ್ತಾರು ಕಡೆ ನಿಂತು, ಲಾರಿಯ ಹಿಂಬದಿಯ ಏರಿಳಿಯುವ ಹಲಗೆಯಾದ ಟೇಲ್‌ಲಿಫ್ಟ್‌ನಲ್ಲಿ ಸರಕು ಇಳಿಸುವ ಕ್ಲಾಸ್ ಟೂ ಕೆಲಸ. ಅದನ್ನು ಬೇಡ ಎನ್ನಬೇಡಿ, ಕೈ ಕುದುರುವುದು ಅಲ್ಲೇ. ಲಟರ್‌ವರ್ತ್, ಡ್ಯಾವೆಂಟ್ರಿಯ ದೊಡ್ಡ ಗೋದಾಮುಗಳ ಸುತ್ತಮುತ್ತ ಇರುವವರಿಗೆ ಕೆಲಸ ಬೇಗ ಸಿಗುತ್ತದೆ.

ಏಜೆನ್ಸಿ ಚಾಲಕನಿಗೆ ಪ್ರತಿ ಸಲವೂ ಅಪರಿಚಿತ ಗಾಡಿ. ಹೊರಡುವ ಮುನ್ನ ಸುತ್ತ ತಿರುಗಿ ನೋಡಲು 15 ನಿಮಿಷ ಬೇಕೇ ಬೇಕು. ಅದೂ ಕೆಲಸವೇ, ಸುತ್ತಿಗೆಯಡಿ ದಾಖಲಾಗಬೇಕು. ಟೈರಿನ ಅಗಲದ ಮುಕ್ಕಾಲು ಭಾಗದಲ್ಲಿ ಕನಿಷ್ಠ 1 ಮಿಲಿಮೀಟರ್ ಅಚ್ಚು, ಚಕ್ರದ ನಟ್ಟುಗಳ ಸೂಚಕ ತಿರುಗಿದೆಯೇ, ಗಾಳಿ ಸೋರುವ ಸದ್ದು, ದೀಪಗಳು, ಟ್ರೇಲರಿನ ಹಿಂದೆ ಅದನ್ನು ಎಳೆಯುವ ಗಾಡಿಯದೇ ನಂಬರ್ ಪ್ಲೇಟ್ ಇದೆಯೇ. ಕಂಪನಿಯ ಲಾರಿ ಎಂದ ಮಾತ್ರಕ್ಕೆ ದೋಷ ಕಂಪನಿಯದಷ್ಟೇ ಅಲ್ಲ. ರಸ್ತೆಯಲ್ಲಿ ವಾಹನ ತಪಾಸಣೆಯ ಸಂಸ್ಥೆ ಡಿವಿಎಸ್‌ಎಯ ಅಧಿಕಾರಿ ನಿಲ್ಲಿಸಿದರೆ ದಂಡದ ಚೀಟಿ ನಿಮ್ಮ ಹೆಸರಿಗೂ ಬರುತ್ತದೆ.

ಕ್ಲಾಸ್ ಒನ್‌ನವರಿಗೆ ಟ್ರೇಲರ್ ಜೋಡಿಸುವ ಗಳಿಗೆ ಎಲ್ಲಕ್ಕಿಂತ ಅಪಾಯದ್ದು. ಟ್ರೇಲರಿಗೆ ಹೋಗುವ ಸುರುಳಿ ಗಾಳಿ ಕೊಳವೆಗಳನ್ನು ಇಲ್ಲಿಯವರು 'ಸೂಜಿ' ಎನ್ನುತ್ತಾರೆ. ಕನ್ನಡದ ಕಿವಿಗೆ ಬೇರೇನೋ ಕೇಳಿಸಿದರೂ ಅದೇ ಹೆಸರು. ಕೆಂಪು ಕೊಳವೆ ತುರ್ತು ಗಾಳಿಯದು, ಹಳದಿ ಬ್ರೇಕಿನದು. ಕೆಂಪಿನಲ್ಲಿ ಗಾಳಿ ಇಲ್ಲದಾಗ ಟ್ರೇಲರಿನ ಬ್ರೇಕ್ ತಾನಾಗಿ ಬಿಗಿದಿರುತ್ತದೆ. ಕೆಂಪು ಸೇರಿಸಿದ ಕ್ಷಣ ಅದು ಬಿಟ್ಟುಕೊಳ್ಳುತ್ತದೆ. ಆಗ ಕ್ಯಾಬಿನ ಹ್ಯಾಂಡ್‌ಬ್ರೇಕೂ ಹಾಕಿಲ್ಲ, ಟ್ರೇಲರಿನ ಪಾರ್ಕಿಂಗ್ ಬ್ರೇಕೂ ಎಳೆದಿಲ್ಲ ಎಂದರೆ ಇಡೀ ಗಾಡಿ ಉರುಳುತ್ತದೆ, ನೀವು ನಿಂತಿರುವುದು ಎರಡರ ನಡುವಿನ ಸಂದಿಯಲ್ಲಿ. ಚಾಲಕರು ಹೀಗೆ ಸಿಕ್ಕಿ ಸತ್ತಿದ್ದಾರೆ, ಉರುಳುವ ಗಾಡಿಯನ್ನು ತಡೆಯಲು ಓಡಿಯೂ ಸತ್ತಿದ್ದಾರೆ. ಆದ್ದರಿಂದ ಕ್ರಮ ತಪ್ಪಬಾರದು: ಮೊದಲು ಟ್ರೇಲರಿನ ಪಾರ್ಕಿಂಗ್ ಬ್ರೇಕ್ ನೋಡಿ, ಹಿಂದಕ್ಕೆ ಬಂದು ಕೊಂಡಿ ಕೂಡಿಸಿ, ಕಡಿಮೆ ಗೇರಿನಲ್ಲಿ ಎರಡು ಸಲ ಮುಂದಕ್ಕೆ ಜಗ್ಗಿ ನೋಡಿ, ಹ್ಯಾಂಡ್‌ಬ್ರೇಕ್ ಹಾಕಿ, ಎಂಜಿನ್ ಆರಿಸಿ, ಕೀಲಿ ಜೇಬಿಗೆ ಹಾಕಿಕೊಂಡು ಇಳಿಯಿರಿ. ಕೊಂಡಿ ಬಿಚ್ಚದಂತೆ ತಡೆಯುವ ಡಾಗ್ ಕ್ಲಿಪ್ ಸಿಕ್ಕಿಸಿ, ಆಮೇಲೆ ಕೊಳವೆಗಳು, ವೈರು, ಟ್ರೇಲರನ್ನು ನಿಲ್ಲಿಸುವ ಕಾಲುಗಳನ್ನು ಪೂರ್ತಿ ಮೇಲಕ್ಕೆ ತಿರುಗಿಸುವುದು. ಟ್ರೇಲರಿನ ಬ್ರೇಕ್ ಬಿಡಿಸುವುದು ಕೊನೆಗೆ. ಬಿಚ್ಚುವಾಗ ಕಾಲು ಇಳಿಸುವುದನ್ನು ಮರೆತರೆ ತುಂಬಿದ ಟ್ರೇಲರ್ ಮೂಗು ಮುಗ್ಗರಿಸುತ್ತದೆ.

ಎತ್ತರವನ್ನೂ ಪ್ರತಿ ಸಲ ನೋಡಬೇಕು. ಬ್ರಿಟನ್ನಿನಲ್ಲಿ ಟ್ರೇಲರಿಗೆ ಎತ್ತರದ ಕಾನೂನು ಮಿತಿ ಇಲ್ಲ, 16 ಅಡಿ ಇರುವವೂ ಓಡಾಡುತ್ತವೆ. 3 ಮೀಟರ್ ಮೀರಿದ ಗಾಡಿಯಲ್ಲಿ ಎತ್ತರ ಬರೆದ ಫಲಕ ಚಾಲಕನಿಗೆ ಕಾಣುವಂತಿರಬೇಕು; ಹಿಂದಿನವನ ಟ್ರೇಲರಿನ ಅಂಕಿ ಹಾಗೇ ಉಳಿದಿರುತ್ತದೆ, ಬದಲಾಯಿಸಿ. ಫೋನಿನ ಕಾರ್ ನಕ್ಷೆಗೆ ಸೇತುವೆಯ ಎತ್ತರ ಗೊತ್ತಿರುವುದಿಲ್ಲ. ಆ ಫೋನು ಕೈಗೆ ಬಂದದ್ದು ಪೊಲೀಸರಿಗೆ ಕಂಡರೆ ಲೈಸೆನ್ಸಿನ ಮೇಲೆ 6 ತಪ್ಪಿನ ಪಾಯಿಂಟ್, 200 ಪೌಂಡ್ ದಂಡ. ಮೇಲೆ ಟ್ರಾಫಿಕ್ ಕಮಿಷನರ್ (ಇವರು ಪೊಲೀಸರಲ್ಲ, ಲಾರಿ-ಬಸ್ಸಿನ ಚಾಲಕರ ಮೇಲ್ವಿಚಾರಕರು) ಲಾರಿ ಲೈಸೆನ್ಸನ್ನು ಅಮಾನತಿನಲ್ಲಿಡಬಹುದು. ಸ್ವಂತ ಕಾರಿನಲ್ಲಿ ಪಡೆದ ಪಾಯಿಂಟುಗಳೂ ಇದೇ ಲೈಸೆನ್ಸಿನ ಮೇಲೆ ಕೂರುತ್ತವೆ.

ಮೊದಲ ಕೆಲಸದವರಿಗೆ ಮುಚ್ಚಿಟ್ಟು ಇದನ್ನು ಮಾಡಬೇಡಿ. ಹೆಚ್ಚಿನ ಕರಾರುಗಳಲ್ಲಿ ಬೇರೆ ಕೆಲಸಕ್ಕೆ ಬರಹದ ಒಪ್ಪಿಗೆ ಬೇಕು ಎಂಬ ಸಾಲಿರುತ್ತದೆ. ಆಫೀಸಿನ ಗಂಟೆಗಳನ್ನು ಲಾರಿಯ ದಾಖಲೆಯಲ್ಲಿ ಹೇಗೂ ಬರೆಯಬೇಕು, ಆಫೀಸಿಗೆ ಲಾರಿಯ ಗಂಟೆಗಳನ್ನು ಹೇಳದಿರುವುದರಲ್ಲಿ ಅರ್ಥವಿಲ್ಲ.

ಕೊನೆಯದಾಗಿ, ಶುಕ್ರವಾರ ರಾತ್ರಿ ಬರುವ ಫೋನಿನ ಬಗ್ಗೆ. ಬೆಳಿಗ್ಗೆ 5 ಎಂದಿದ್ದ ಪಾಳಿಯನ್ನು ರಾತ್ರಿ 10ಕ್ಕೆ ಕರೆ ಮಾಡಿ 2 ಗಂಟೆಗೆ ಬನ್ನಿ ಎನ್ನುತ್ತಾರೆ. 5.30ಕ್ಕೆ ಆಫೀಸು ಬಿಟ್ಟವರಿಗೆ 2 ಗಂಟೆ ಎಂದರೆ ಎಂಟೂವರೆ ಗಂಟೆ, ಇಳಿಸಿದ 9 ಗಂಟೆಗೂ ಅರ್ಧ ಗಂಟೆ ಕಡಿಮೆ. ಏಜೆನ್ಸಿಯ ಮೇಜಿನಲ್ಲಿರುವವರಿಗೆ ನಿಮ್ಮ ಆಫೀಸಿನ ಸಮಯ ಗೊತ್ತಿಲ್ಲ. ನಡುರಾತ್ರಿ ಫೋನಿನಲ್ಲಿ ವಾದಿಸುವ ಬದಲು ಗುರುವಾರವೇ ಅವರಿಗೆ ನಾಲ್ಕು ಸಾಲಿನ ಸಂದೇಶ ಕಳುಹಿಸಿ, ಉತ್ತರ ಬಂದದ್ದನ್ನು ಅಳಿಸದೆ ಇಟ್ಟುಕೊಳ್ಳಿ: "ಶುಕ್ರವಾರ ನನ್ನ ಕೆಲಸ ಮುಗಿಯುವುದು ಸಂಜೆ 5.30. ಶನಿವಾರ ಬೆಳಿಗ್ಗೆ 4.30ಕ್ಕೆ ಮೊದಲು ಶುರು ಮಾಡಲಾರೆ. ಸಂಜೆ 5ಕ್ಕೆ ಕಾರ್ಡ್ ತೆಗೆಯಬೇಕು, ಸೋಮವಾರ ಬೆಳಿಗ್ಗೆ 9ಕ್ಕೆ ಬೇರೆ ಕೆಲಸವಿದೆ. ಮುಂದಿನ ಶನಿವಾರ ಬರುವುದಿಲ್ಲ."

ಇತಿ,
ಇಂಗ್ಲೆಂಡಿನ ಮಿಡ್‌ಲ್ಯಾಂಡ್ಸ್ ಭಾಗದಲ್ಲಿ ಲಾರಿ ಓಡಿಸುವ ಕೆಲವು ಕನ್ನಡಿಗರು